ಮುಖಕ್ಕೆ ನೀರು ಬಿದ್ದರೂ ಸರಿ, ಬೆನ್ನಿಗೆ ಬೇಡ

ಹಳೇ ಕಂಪ್ಯೂಟರಿನ ಡಬ್ಬ ಬಿಚ್ಚಿದಾಗ ಮೊದಲು ಹೊರಗೆ ಬಂದದ್ದು ಇರುವೆ. ಒಂದೆರಡಲ್ಲ, ಮೊಟ್ಟೆ ಕಚ್ಚಿಕೊಂಡ ಸಾಲು ಸಾಲು. ಫ್ಯಾನಿನ ರೆಕ್ಕೆಗೆ ಅಡಿಕೆ ಸಿಪ್ಪೆಯ ನಾರು ಸುತ್ತಿತ್ತು. ಅದರ ಮೇಲೆ ಬೇಯಿಸುವ ಹಂಡೆಯ ಹಬೆ ಕೂತು, ಒಣಗಿ, ಕೆಂಪು ಅಂಟಾಗಿತ್ತು. ಬೆರಳಿನಿಂದ ತಳ್ಳಿದರೂ ಫ್ಯಾನ್ ಅಲ್ಲಾಡಲಿಲ್ಲ.

"ಮೂರನೇ ಕಂಪ್ಯೂಟರು ಇದು," ಅಂದರು ಯಜಮಾನರು. "ವರ್ಷಕ್ಕೊಂದು ತಿನ್ನುತ್ತೆ ಈ ಜಾಗ."

ಜಾಗ ತೀರ್ಥಹಳ್ಳಿಯ ಕಡೆಯ ಒಂದು ಅಡಿಕೆ ಘಟಕ. ಸುತ್ತಲಿನ ತೋಟಗಳ ಹಸಿ ಅಡಿಕೆ ತಂದು, ಸುಲಿದು, ಬೇಯಿಸಿ, ಒಣಗಿಸಿ ಕೊಡುತ್ತಾರೆ. ಅಂಗಳದಲ್ಲಿ ಹರವಿ ಒಣಗಿಸೋಣ ಅಂದರೆ ಕೊಯ್ಲು ಶುರುವಾದರೂ ಮಳೆ ಬಿಡುವುದಿಲ್ಲ. ಹಾಗಾಗಿ ನಾಲ್ಕು ಒಣಗಿಸುವ ಕೋಣೆ, ನಾಲ್ಕು ಬ್ಲೋವರ್, ಅವುಗಳ ವೇಗ ಏರಿಸಿ ಇಳಿಸುವ ಡ್ರೈವ್‌ಗಳು, ಎಲ್ಲ ನೋಡಿಕೊಳ್ಳಲು ಪಿಎಲ್‌ಸಿ ಅನ್ನೋ ಒಂದು ನಿಯಂತ್ರಕ. ಕೋಣೆಯ ಶಾಖ ಎಷ್ಟು, ಯಾರ ಅಡಿಕೆ ಯಾವಾಗ ಒಳಗೆ ಹೋಯಿತು, ಯಾವಾಗ ಹೊರಗೆ ಬಂತು ಅನ್ನೋ ಲೆಕ್ಕ ಕಂಪ್ಯೂಟರಿನಲ್ಲಿ. ಅದು ಸತ್ತರೆ ಅಡಿಕೆ ಒಣಗುವುದು ನಿಲ್ಲುವುದಿಲ್ಲ. ಆದರೆ ಯಾರದು ಎಷ್ಟು ಒಣಗಿದೆ ಅಂತ ಕೋಣೆ ಬಾಗಿಲು ತೆಗೆದು, ಕಾಯಿ ಕಚ್ಚಿ ನೋಡಬೇಕು.

ನಾನು ಶಿವಮೊಗ್ಗದವನು. ಐಟಿಐ ಮುಗಿಸಿದ ಮೇಲೆ ಫೌಂಡ್ರಿಗಳಲ್ಲೂ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲೂ ಪ್ಯಾನೆಲ್ ವೈರಿಂಗ್ ಮಾಡಿಕೊಂಡೇ ಬಂದವನು. ಈ ಸಲ ಮೇಜಿನ ಕಂಪ್ಯೂಟರ್ ಬೇಡ, ಪ್ಯಾನೆಲ್ ಪಿಸಿ ಹಾಕೋಣ ಅಂದೆ. ಪರದೆ, ಕಂಪ್ಯೂಟರ್ ಎರಡೂ ಒಂದೇ ಡಬ್ಬದಲ್ಲಿ. ಕ್ಯಾಬಿನೆಟ್‌ನ, ಅಂದರೆ ವೈರಿಂಗ್ ಇರುವ ಕಬ್ಬಿಣದ ಕಪಾಟಿನ, ಬಾಗಿಲಿಗೆ ತೂತು ಕೊರೆದು ಕೂರಿಸುವುದು. ಕೀಬೋರ್ಡ್ ಇಲ್ಲ, ಬೆರಳಿನಿಂದಲೇ ಕೆಲಸ. ಫ್ಯಾನ್ ಕೂಡ ಇಲ್ಲ, ಬೆನ್ನಿನ ಅಲ್ಯೂಮಿನಿಯಂ ರೆಕ್ಕೆಗಳೇ ಶಾಖ ಬಿಡುತ್ತವೆ. ಇರುವೆಗೂ ನಾರಿಗೂ ಒಳಗೆ ಹೋಗಲು ದಾರಿ ಕಮ್ಮಿ.

ಕ್ಯಾಟಲಾಗ್ ನೋಡಿ ಯಜಮಾನರಿಗೆ ಖುಷಿಯಾದದ್ದು 'ಐಪಿ 65' ಅನ್ನೋ ಮಾತಿಗೆ. "ನೀರು ಹಾಕಿ ತೊಳೀಬಹುದಂತಲ್ಲ!" ಅಂದರು. ಅರ್ಧ ನಿಜ. 6 ಅಂದರೆ ಧೂಳು ಒಳಗೆ ಹೋಗಲ್ಲ, 5 ಅಂದರೆ ಪೈಪಿನ ನೀರು ಎರಚಿದರೂ ತಡೆಯುತ್ತದೆ. ಆದರೆ ಅದೇ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ 'ಮುಂಭಾಗ ಮಾತ್ರ' ಅಂತ ಇರುತ್ತದೆ. ಹಿಂಭಾಗ ಐಪಿ 20. ಅಂದರೆ ಬೆರಳು ಒಳಗೆ ಹೋಗಲ್ಲ ಅಷ್ಟೇ, ನೀರಿಗೆ ಯಾವ ತಡೆಯೂ ಇಲ್ಲ. ಮುಖ ಗಟ್ಟಿ, ಬೆನ್ನು ಬರಿಮೈ. ಮುಂದೆ ನಾನು ಪಟ್ಟ ಪಾಡೆಲ್ಲ ಈ ಬೆನ್ನಿನದ್ದೇ.

2021ರ ಡಿಸೆಂಬರ್. ಬೆಳಿಗ್ಗೆ ಆರಕ್ಕೇ ಶಿವಮೊಗ್ಗ ಬಿಟ್ಟೆವು, ನಾನು ಮತ್ತು ನನ್ನ ಜೊತೆಯ ಹುಡುಗ. ಗಾಜನೂರು ದಾಟಿ ಸಕ್ರೆಬೈಲಿನ ಹತ್ತಿರ ಬರುವಾಗ ಮಂಜು ಎಷ್ಟಿತ್ತೆಂದರೆ ಎದುರಿನ ಲಾರಿಯ ಲೈಟು ಮಾತ್ರ ಕಾಣುತ್ತಿತ್ತು. ಪ್ಯಾನೆಲ್ ಪಿಸಿಯ ಪೆಟ್ಟಿಗೆ ರಾತ್ರಿಯಿಡೀ ಗಾಡಿಯ ಹಿಂದೆಯೇ ಇತ್ತು. ಘಟಕ ಮುಟ್ಟಿದ ಕೂಡಲೇ ಹುಡುಗ ಅದನ್ನು ಹಂಡೆಯ ಪಕ್ಕದ ಬೆಚ್ಚನೆ ಕೋಣೆಗೆ ಒಯ್ದು ಬಿಚ್ಚಿಬಿಟ್ಟ. ನೋಡುತ್ತಿದ್ದಂತೆ ಪರದೆಗೆ ಮಬ್ಬು ಹಿಡಿಯಿತು. ಅಂಗಿಯ ತೋಳಿನಿಂದ ಒರೆಸಿದ, ಮತ್ತೆ ಹಿಡಿಯಿತು.

ಹೊರಗೆ ಕಾಣುವ ಮಬ್ಬು ಒರೆಸಬಹುದು. ಅದೇ ನೀರು ಒಳಗಿನ ಬೋರ್ಡಿನ ಮೇಲೂ ಕೂತಿರುತ್ತದೆ, ಅದನ್ನು ಯಾರು ಒರೆಸುತ್ತಾರೆ? ಆ ಹೊತ್ತಿಗೆ ಕರೆಂಟು ಕೊಟ್ಟರೆ ಹೊಸ ಯಂತ್ರ ಮೊದಲ ದಿನವೇ ಹೋಗಬಹುದು. ತಣ್ಣಗಿದ್ದ ಯಂತ್ರ ಕೋಣೆಯ ಶಾಖಕ್ಕೆ ಬರುವವರೆಗೆ ಕಾಯಬೇಕು. ನಾವು ಮಧ್ಯಾಹ್ನದವರೆಗೆ ಕರೆಂಟಿನ ತಂಟೆಗೇ ಹೋಗಲಿಲ್ಲ. ತೂತು ಕೊರೆಯುವ ಕೆಲಸವೇ ಬೇಕಾದಷ್ಟಿತ್ತು.

ಎಲ್ಲಿ ಕೂರಿಸುವುದು ಅನ್ನೋದಕ್ಕೇ ಒಂದು ಗಂಟೆ ವಾದ. ಹಂಡೆಯ ಎದುರಿಗೇ ಇರಲಿ, ಬೆಂಕಿ ಹಾಕುವವನಿಗೆ ಕಾಣಬೇಕು ಅಂತ ಯಜಮಾನರು. ಹಬೆ ನೇರ ಬಡಿಯುತ್ತೆ ಅಂತ ನಾನು. ಪಡುವಣ ಗೋಡೆಯ ಕಿಟಕಿಯ ಎದುರು ಬೇಡ, ಸಂಜೆ ಬಿಸಿಲಿಗೆ ಪರದೆಯೂ ಕಾಣಲ್ಲ, ಡಬ್ಬವೂ ಕಾಯುತ್ತೆ. ಈ ಯಂತ್ರಕ್ಕೆ ಸುತ್ತಲಿನ ಗಾಳಿ 50 ಡಿಗ್ರಿ ದಾಟಬಾರದು. ಆ 'ಸುತ್ತಲಿನ ಗಾಳಿ' ಅಂದರೆ ಕ್ಯಾಬಿನೆಟ್‌ನ ಒಳಗಿನದ್ದು, ನಾವು ನಿಂತ ಕೋಣೆಯದ್ದಲ್ಲ. ಒಣಗಿಸುವ ಕೋಣೆಯೊಳಗೆ 60ರ ಆಸುಪಾಸು ಇರುತ್ತದೆ, ಅದರ ಗೋಡೆಗೆ ಒತ್ತಿ ಕ್ಯಾಬಿನೆಟ್ ಇಟ್ಟರೆ ಮುಗೀತು. ಕೊನೆಗೆ ತೂಕದ ಯಂತ್ರದ ಪಕ್ಕದ ಗೋಡೆ ಆಯ್ತು.

ಕ್ಯಾಬಿನೆಟ್ ಬಾಗಿಲು ಕತ್ತರಿಸುವಾಗ ಬೀಳುವ ಕಬ್ಬಿಣದ ಪುಡಿ ಇದೆಯಲ್ಲ, ಅದು ನಮ್ಮ ಕಸುಬಿನ ದೊಡ್ಡ ಶತ್ರು. ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಪಿಎಲ್‌ಸಿಯ ಗಾಳಿಕಿಂಡಿಯಲ್ಲಿ ಬಿದ್ದು, ಆರು ತಿಂಗಳ ಮೇಲೆ ಯಾವುದೋ ಚಿಪ್ಪಿನ ಎರಡು ಕಾಲುಗಳನ್ನು ಸೇರಿಸಿ ಶಾರ್ಟ್ ಮಾಡುತ್ತದೆ. ಆಗ ಕಾರಣ ಹುಡುಕಿ ಸಾಯಬೇಕು. ಅದಕ್ಕೇ ಬಾಗಿಲನ್ನು ಹಿಂಜಿನಿಂದ ಬಿಡಿಸಿ, ಅಂಗಳಕ್ಕೆ ಒಯ್ದು, ಎರಡು ಸ್ಟೂಲಿನ ಮೇಲೆ ಮಲಗಿಸಿ ಕತ್ತರಿಸಿದೆವು. ಗೆರೆಯ ಒಳಗೇ ಜಿಗ್‌ಸಾ ಓಡಿಸಿ, ಉಳಿದದ್ದನ್ನು ಅರದಿಂದ ಉಜ್ಜಿದೆ. ತೂತು ಚಿಕ್ಕದಾದರೆ ಇನ್ನೊಂದು ಸಲ ಉಜ್ಜಬಹುದು. ದೊಡ್ಡದಾದರೆ ನೀರು ತಡೆಯುವ ರಬ್ಬರ್ ಗ್ಯಾಸ್ಕೆಟ್ ಕೂರಲು ಜಾಗವೇ ಇರುವುದಿಲ್ಲ, ಆಮೇಲೆ ಐಪಿ 65 ಅನ್ನೋದು ಪೆಟ್ಟಿಗೆಯ ಮೇಲಿನ ಬರಹ ಅಷ್ಟೇ. ಅಂಚಿನಲ್ಲಿ ಒಂದು ಮುಳ್ಳು ಉಳಿದರೂ ಗ್ಯಾಸ್ಕೆಟ್ ಹರಿಯುತ್ತದೆ. ಬೆರಳು ಆಡಿಸಿ ನೋಡಿದೆ. ಗೀರಿತು. ಮತ್ತೆ ಉಜ್ಜಿದೆ.

ಹಿಂದಿನಿಂದ ಹಿಡಿದುಕೊಳ್ಳುವ ಕ್ಲ್ಯಾಂಪ್‌ಗಳನ್ನು ಬಿಗಿಯುವಾಗ ನನಗೆ ಯಾವಾಗಲೂ ಹಳೇ ತಪ್ಪು ನೆನಪಾಗುತ್ತದೆ. ವರ್ಷಗಳ ಹಿಂದೆ ಒಂದು ಕಡೆ, ನೀರು ಹೋಗಬಾರದಲ್ಲ ಅಂತ ಶಕ್ತಿಯಿದ್ದಷ್ಟೂ ತಿರುವಿದ್ದೆ. ಮರುದಿನದಿಂದ ಪರದೆಯ ಎಡಮೂಲೆ ತಾನೇ ತಾನಾಗಿ ಒತ್ತಿಕೊಳ್ಳಲು ಶುರುವಾಯಿತು. ಚೌಕಟ್ಟು ಸೊಟ್ಟಗಾಗಿ, ಸ್ಪರ್ಶದ ಹಾಳೆಯೇ ಒತ್ತಡಕ್ಕೆ ಸಿಕ್ಕಿತ್ತು. ಈಗ ಟಾರ್ಕ್ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೇನೆ. ಈ ಮಾಡೆಲ್ಲಿಗೆ ಪುಸ್ತಕದಲ್ಲಿ ಇದ್ದದ್ದು ಅರ್ಧ ನ್ಯೂಟನ್ ಮೀಟರ್. ಎರಡು ಬೆರಳಲ್ಲಿ ಹಿಡಿದು ತಿರುವುವಷ್ಟು, ಅಷ್ಟೇ. ಮೊದಲು ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಆಮೇಲೆ ಈ ಮೂಲೆ, ಅದರ ಎದುರಿನ ಮೂಲೆ, ಹೀಗೆ ಅಡ್ಡಡ್ಡ ಬಿಗಿಯುವುದು. ಕಾರಿನ ಚಕ್ರದ ನಟ್ಟು ಬಿಗಿದ ಹಾಗೇ.

ಕರೆಂಟಿನ ಕತೆ. ಇದಕ್ಕೆ ಬೇಕಾದದ್ದು 24 ವೋಲ್ಟ್ ಡಿಸಿ. ಗೋಡೆಯ 230 ವೋಲ್ಟನ್ನು ಎಸ್‌ಎಂಪಿಎಸ್ ಅನ್ನೋ ಡಬ್ಬಿ ಇಳಿಸಿ ಕೊಡುತ್ತದೆ. 24 ಅಂದರೆ ಮೈಗೆ ಅಷ್ಟೇನೂ ಭಯವಿಲ್ಲ ಅಂತ ಜನ ಸಲೀಸಾಗಿ ಕೈ ಹಾಕುತ್ತಾರೆ. ಆದರೆ ಅದೇ ಕ್ಯಾಬಿನೆಟ್‌ನಲ್ಲಿ ಒಂದು ಗೇಣು ಆಚೆ 230, ಡ್ರೈವ್‌ಗಳ ಕಡೆ 415. ಪ್ಲಗ್ ಚುಚ್ಚುವ ಮೊದಲು ಮೀಟರ್ ಇಟ್ಟು ಪ್ಲಸ್ ಎಲ್ಲಿದೆ, ಮೈನಸ್ ಎಲ್ಲಿದೆ ನೋಡಿದೆ. 24.1 ತೋರಿಸಿತು.

ಅರ್ಥಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ಯಾಬಿನೆಟ್‌ಗೆ ಅರ್ಥ್ ಇದೆ, ಬಾಗಿಲು ಅದಕ್ಕೇ ತಗುಲಿದೆ, ಸಾಕಲ್ವಾ ಅಂತ ಹುಡುಗ ಕೇಳಿದ. ಹಿಂಜಿಗೆ ಬಣ್ಣ ಇರುತ್ತದೆ, ಗ್ರೀಸ್ ಇರುತ್ತದೆ, ಅದನ್ನು ನಂಬಬಾರದು. ಬಾಗಿಲಿನಿಂದ ಕ್ಯಾಬಿನೆಟ್‌ಗೆ ಬೇರೆಯೇ ತಾಮ್ರದ ಜಡೆ ಹಾಕಬೇಕು, ಕೂರುವ ಜಾಗದ ಬಣ್ಣ ಕೆರೆದು. ಪ್ಯಾನೆಲ್ ಪಿಸಿಯ ಅರ್ಥ್ ತಿರುಪಿನಿಂದ ಹಸಿರು ಹಳದಿ ವೈರು, ಸಾಧ್ಯವಾದಷ್ಟು ಗಿಡ್ಡ. ಇನ್ನು ನೆಲದೊಳಗಿನ ಗುಂಡಿ. ಇಲ್ಲಿ ಅಗೆದರೆ ಜಂಬಿಟ್ಟಿಗೆ ಕಲ್ಲು. ಮಳೆಗಾಲದಲ್ಲಿ ನೆಲ ನೆಂದು ಅರ್ಥಿಂಗ್ ಚೆನ್ನಾಗಿರುತ್ತದೆ, ಏಪ್ರಿಲ್ ಹೊತ್ತಿಗೆ ಒಣಗಿ ಕೈಕೊಡುತ್ತದೆ. ಮಲೆನಾಡಿನ ಗುಡುಗು ಸಿಡಿಲು ಹೆಚ್ಚಿರುವುದೂ ಆಗಲೇ, ಮಳೆ ಶುರುವಾಗುವ ಮೊದಲು. ಅಡಿಕೆ ತೊಳೆದ ನೀರು ಹರಿಯುವ ಚರಂಡಿಯ ಪಕ್ಕಕ್ಕೆ ಗುಂಡಿ ತೋಡಿಸಿದೆ. ಸೀಸನ್ ಇಲ್ಲದಾಗ ವಾರಕ್ಕೆರಡು ಕೊಡ ನೀರು ಹಾಕಿ ಅಂದೆ. ಒಳಬರುವ ಲೈನಿಗೆ ಸರ್ಜ್, ಅಂದರೆ ಸಿಡಿಲಿಗೆ ದಿಢೀರ್ ಏರುವ ವೋಲ್ಟೇಜ್, ತಡೆಯುವ ಡಬ್ಬಿಯೂ ಕೂತಿತು.

ಸಾಫ್ಟ್‌ವೇರ್ ಬಗ್ಗೆ ಹೇಳಲು ಅಂಥದ್ದೇನೂ ಇಲ್ಲ, ಒಂದು ಪೆದ್ದುತನ ಬಿಟ್ಟರೆ. ಒಳಗಿದ್ದದ್ದು ಇಂಥ ಯಂತ್ರಗಳಿಗೇ ಮಾಡಿದ ವಿಂಡೋಸ್ 10ರ ಐಒಟಿ ಆವೃತ್ತಿ. ಅದರಲ್ಲಿ ರೈಟ್ ಫಿಲ್ಟರ್ ಅಂತ ಒಂದಿದೆ. ಅದು ಆನ್ ಇದ್ದರೆ ಡಿಸ್ಕಿಗೆ ಏನೂ ಬರೆಯುವುದಿಲ್ಲ, ಎಲ್ಲ ಮೆಮೊರಿಯಲ್ಲೇ. ಕರೆಂಟ್ ದಿಢೀರ್ ಹೋದರೂ ಫೈಲು ಕೆಡುವುದಿಲ್ಲ. ನಮ್ಮ ಕಡೆಗೆ ಹೇಳಿ ಮಾಡಿಸಿದ ಸೌಕರ್ಯ. ನಾನು ಅದನ್ನು ಆನ್ ಮಾಡಿ, ಅದನ್ನೇ ಮರೆತು, ಎರಡು ಗಂಟೆ ಕೂತು ಪಿಎಲ್‌ಸಿಯ ವಿಳಾಸ, ಪಾಸ್‌ವರ್ಡ್, ಪರದೆಯ ಕನ್ನಡ ಹೆಸರುಗಳು ಎಲ್ಲ ತುಂಬಿಸಿದೆ. ರೀಸ್ಟಾರ್ಟ್ ಮಾಡಿದೆ. ಎಲ್ಲ ಮಾಯ. ಹುಡುಗ ನಗಲೂ ಆಗದೆ ಸುಮ್ನಿರಲೂ ಆಗದೆ ಚಹಾ ತರುತ್ತೇನೆ ಅಂತ ಎದ್ದು ಹೋದ. ಎರಡನೇ ಸಲ ಫಿಲ್ಟರ್ ತೆಗೆದು ತುಂಬಿಸಿ, ಲೆಕ್ಕದ ಫೈಲುಗಳಿಗೆ ಫಿಲ್ಟರ್ ಇಲ್ಲದ ಬೇರೆ ಭಾಗ ಕೊಟ್ಟು, ಇಡೀ ಡಿಸ್ಕಿನ ಪ್ರತಿ ಒಂದನ್ನು ತೆಗೆದಿಟ್ಟುಕೊಂಡೆ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಮೂಲ ಸೆಟ್ಟಿಂಗ್‌ನಲ್ಲಿ, 'ಕರೆಂಟ್ ಬಂದ ಕೂಡಲೇ ತಾನೇ ಏಳು' ಅನ್ನೋದನ್ನು ಆರಿಸಿ, ಪ್ರತಿ ಪುಟದ ಫೋಟೋ ಹೊಡೆದುಕೊಂಡೆ. ಈ ಫೋಟೋಗಳು ಮುಂದೆ ಕಾಪಾಡಿದವು.

ಒಂದು ತಕರಾರು ಮಾತ್ರ ಸಂಜೆವರೆಗೆ ಕಾಡಿತು. ಮೂರನೇ ಬ್ಲೋವರ್ ಶುರುವಾದಾಗಲೆಲ್ಲ ಮೂರನೇ ಕೋಣೆಯ ಶಾಖ 58ರಿಂದ 90ಕ್ಕೆ ಹಾರಿ ಮತ್ತೆ ಇಳಿಯುತ್ತಿತ್ತು. ನೋಡಿದರೆ ಸೆನ್ಸರಿನ ವೈರು ಮೋಟರಿನ ಕೇಬಲ್ಲಿನ ಜೊತೆ ಒಂದೇ ಪೈಪಿನಲ್ಲಿ ಹೋಗಿತ್ತು. ಡ್ರೈವ್‌ನ ಕರೆಂಟಿನ ಗದ್ದಲ ಪಕ್ಕದ ವೈರಿಗೂ ಹತ್ತುತ್ತದೆ. ಬೇರೆ ಪೈಪು ಹಾಕಿದ ಮೇಲೆ ಸುಮ್ಮನಾಯಿತು.

ಹೊರಡುವ ಮೊದಲು ಬೆಂಕಿ ಹಾಕುವವರಿಗೆ ಪರದೆ ತೋರಿಸಿಕೊಟ್ಟೆ. ವಯಸ್ಸಾದವರು, ಕೈಯೆಲ್ಲ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಬಣ್ಣ. ಬೇಕಂತಲೇ ರೆಸಿಸ್ಟಿವ್ ಪರದೆ ತರಿಸಿದ್ದೆ. ಅದು ಒತ್ತಡಕ್ಕೆ ಕೆಲಸ ಮಾಡುತ್ತದೆ, ಗ್ಲೌಸ್ ಹಾಕಿದ್ದರೂ ಒದ್ದೆ ಕೈಯಾದರೂ ನಡೆಯುತ್ತದೆ. ಮೊಬೈಲಿನಂಥ ಪರದೆಯಾದರೆ ಮೇಲೆ ಕೂತ ನೀರಿನ ಹನಿಯನ್ನೇ ಬೆರಳು ಅಂದುಕೊಂಡುಬಿಡುತ್ತದೆ. ಆದರೆ ರೆಸಿಸ್ಟಿವ್‌ನ ಮೇಲ್ಪದರ ಪ್ಲಾಸ್ಟಿಕ್ ಹಾಳೆ. ಟೆಸ್ಟರಿನ ತುದಿಯಲ್ಲಿ ಒತ್ತಬಾರದು, ಥಿನ್ನರ್ ಹಾಕಿ ಒರೆಸಬಾರದು. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. "ಬಾಗಿಲು ಮಾತ್ರ ತೆಗೀಬೇಡಿ" ಅಂದೆ. ಅವರು ತಲೆ ಆಡಿಸಿದರು.

ಅದಾದ ಮೇಲೆ ಎರಡು ಸೀಸನ್ ಒಂದು ಫೋನೂ ಇಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಫೋನ್ ಬಂತು. ಹಸ್ತ ಮಳೆ ಹಿಡಿದಿತ್ತು. ಎರಡು ದೂರು. ಕಂಪ್ಯೂಟರ್ ತುಂಬ ನಿಧಾನ, ಮಧ್ಯೆ ಮಧ್ಯೆ ನಿಂತೇ ಹೋಗುತ್ತೆ. ಇನ್ನೊಂದು, ಕರೆಂಟ್ ಗಂಟೆಗಟ್ಟಲೆ ಹೋಗಿ ಬಂದರೆ ತಾರೀಕು 2018ರ ಜನವರಿ 1. ಹಾಗಾಗಿ ನಿನ್ನೆ ತಂದ ಅಡಿಕೆ ಆರು ವರ್ಷದ ಹಿಂದೆಯೇ ಒಣಗಿದೆ ಅಂತ ಲೆಕ್ಕ ಹೇಳುತ್ತಿತ್ತು.

ಎರಡನೆಯದು ಬ್ಯಾಟರಿ ಅಂತ ಕೂತಲ್ಲೇ ಗೊತ್ತಾಯಿತು. ಒಳಗೆ ಸಿಆರ್ 2032 ಅನ್ನೋ ನಾಣ್ಯದಂಥ ಲಿಥಿಯಂ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ವರ್ಷದಲ್ಲಿ ಆರು ತಿಂಗಳು ಘಟಕ ಬಾಗಿಲು ಹಾಕಿರುತ್ತೆ, ಅಷ್ಟೂ ದಿನ ಅದೊಂದೇ ದುಡಿಯಬೇಕು. ಮೊದಲನೆಯದು ಮಾತ್ರ ತಲೆ ತಿಂದಿತು. ಹೊರಗೆ ಚಳಿ ಮಳೆ, ಯಂತ್ರದ ಒಳಗಿನ ಶಾಖ ನೋಡಿದರೆ 90 ದಾಟಿದೆ. ಅಷ್ಟಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆದರೆ ಈ ಮಳೆಯಲ್ಲಿ ಅಷ್ಟು ಶಾಖ ಎಲ್ಲಿಂದ?

ಕ್ಯಾಬಿನೆಟ್ ಬಾಗಿಲು ತೆಗೆದೆ. ಪ್ಯಾನೆಲ್ ಪಿಸಿಯ ಬೆನ್ನಿನ ರೆಕ್ಕೆಗಳ ಮೇಲೆ ನೀಟಾಗಿ ಮಡಚಿ ಹೊದಿಸಿದ ಒಂದು ಟವೆಲ್. ಅದರ ಮೇಲೆ ಬೀಡಿ ಕಟ್ಟು ಎರಡು, ಬೆಂಕಿಪೊಟ್ಟಣ ಒಂದು. ಕೆಳಗೆ ಟರ್ಮಿನಲ್ ಸಾಲಿನ ಮೇಲೆ ಒಂದು ಜೊತೆ ಸಾಕ್ಸು.

ಬೆಂಕಿ ಹಾಕುವವರು ನಾಚಿಕೊಂಡರು. "ಊರೆಲ್ಲ ಒದ್ದೆ, ಇಲ್ಲೊಂದು ಕಡೆ ಬೆಚ್ಚಗಿತ್ತು," ಅಂದರು. ಏನು ಹೇಳುವುದು? ಮಲೆನಾಡಿನ ಮಳೆಗಾಲದಲ್ಲಿ ಒಣ ಬೆಂಕಿಪೊಟ್ಟಣದ ಬೆಲೆ ನನಗೂ ಗೊತ್ತು. ನಮ್ಮ ಅಜ್ಜಿ ಉಪ್ಪಿನ ಡಬ್ಬವನ್ನೂ ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತಿದ್ದಳು. ಆದರೆ ಈ ಯಂತ್ರದ ಸುತ್ತ ಐದು ಸೆಂಟಿಮೀಟರ್ ಗಾಳಿ ಆಡಬೇಕು ಅಂತ ನಾನೇ ಅಳೆದು ಬಿಟ್ಟಿದ್ದ ಜಾಗ ಅದು. ಒಳಗೆ ಬೆಂಕಿಪೊಟ್ಟಣ ಬೇರೆ.

ಬ್ಯಾಟರಿ ಬದಲಿಸಲು ಯಂತ್ರ ನಿಲ್ಲಿಸಬೇಕು. ಮೊದಲು ಪರದೆಯಿಂದಲೇ ಶಟ್‌ಡೌನ್ ಮಾಡಿದೆ. ಆಮೇಲೆ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಅದಕ್ಕೆ ನನ್ನ ಸ್ವಂತ ಬೀಗ ಹಾಕಿ, ಬೀಗದ ಕೈ ಜೇಬಿಗಿಟ್ಟೆ. 'ಕೆಲಸ ನಡೆದಿದೆ, ಹಾಕಬೇಡಿ' ಅನ್ನೋ ಚೀಟಿ ತೂಗುಬಿಟ್ಟೆ. ಹುಡುಗ ಸ್ಕ್ರೂಡ್ರೈವರ್ ಹಿಡಿದು ಎಸ್‌ಎಂಪಿಎಸ್ ಕಡೆ ಕೈ ಚಾಚಿದ. "ತಡಿ," ಅಂದೆ.

ಇದೊಂದು ಅಭ್ಯಾಸ ನನಗೆ ಕಲಿಸಿದವರು ಹಳೇ ಫೌಂಡ್ರಿಯ ಫೋರ್‌ಮನ್. ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಇಟ್ಟು ನೋಡು, ಆಮೇಲೆ ಮುಟ್ಟಬೇಕಾದ ಕಡೆ, ಮತ್ತೆ ಕರೆಂಟ್ ಇರುವ ಕಡೆ. ಮಧ್ಯದ ಸೊನ್ನೆ ನಿಜವಾದ ಸೊನ್ನೆಯೋ, ಮೀಟರೇ ಸತ್ತು ತೋರಿಸಿದ ಸೊನ್ನೆಯೋ ಅಂತ ತಿಳಿಯಲು ಬೇರೆ ದಾರಿಯಿಲ್ಲ. ಗೋಡೆಯ ಸಾಕೆಟ್‌ನಲ್ಲಿ ಇಟ್ಟೆ, 231. ಎಸ್‌ಎಂಪಿಎಸ್‌ನ ಬಾಯಿಗೆ ಇಟ್ಟೆ.

228.

ಇನ್ನೊಮ್ಮೆ ಇಟ್ಟೆ. 228. ಬೀಗ ನೋಡಿದೆ, ಎಂಸಿಬಿ ಕೆಳಗೇ ಇದೆ. ಹುಡುಗ ಸ್ಕ್ರೂಡ್ರೈವರನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಇಬ್ಬರೂ ವೈರಿನ ಹಿಂದೆ ಹೋದೆವು. ಕ್ಯಾಬಿನೆಟ್ ಮೇಲಿನಿಂದ ಹೊರಬಿದ್ದು, ಗೋಡೆ ಹತ್ತಿ, ಅಟ್ಟ ಸೇರಿತ್ತು. ಅಟ್ಟದ ಮೇಲೆ ಖಾಲಿ ಗೋಣಿಚೀಲಗಳ ಹಿಂದೆ ಒಂದು ಯುಪಿಎಸ್ ಕೂತು ಕೀಂ ಕೀಂ ಅನ್ನುತ್ತಿತ್ತು. ಮಳೆಯ ಸದ್ದಿಗೆ ಕೆಳಗೆ ಕೇಳಿಸಿರಲಿಲ್ಲ. ಹಿಂದಿನ ವರ್ಷ ಯಾರೋ ಹಾಕಿಕೊಟ್ಟಿದ್ದಂತೆ, ಕರೆಂಟ್ ಪದೇ ಪದೇ ಹೋಗುತ್ತೆ ಅಂತ. ಒಳ್ಳೆಯ ಕೆಲಸವೇ. ಆದರೆ ಬಾಗಿಲ ಒಳಗೆ ನಾನು ಅಂಟಿಸಿದ್ದ ನಕ್ಷೆಯಲ್ಲಿ ಅದು ಇಲ್ಲ. ಮೇನ್ ಆರಿಸಿದರೂ ಜೀವಂತ ಉಳಿಯುವ ವೈರಿಗೆ ಕಿತ್ತಳೆ ಬಣ್ಣ ಹಾಕುವ ಪದ್ಧತಿ ಇದೆ. ಇಲ್ಲಿದ್ದದ್ದು ಎಲ್ಲದರಂತೆ ಕೆಂಪು, ಕಪ್ಪು.

ಯುಪಿಎಸ್ ಆರಿಸಿ, ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನ ಹಸಿರು ದೀಪ ಪೂರ್ತಿ ಆರುವವರೆಗೆ ನಿಂತೆವು. ಅದರೊಳಗಿನ ಕೆಪ್ಯಾಸಿಟರ್‌ಗಳು ಕರೆಂಟ್ ಹೋದ ಮೇಲೂ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತವೆ. ಐದು ನಿಮಿಷ ಬಿಟ್ಟು ಮತ್ತೆ ಮೂರು ಸಲ ಮೀಟರ್. ಈ ಸಲ ಸೊನ್ನೆ.

ಬೆನ್ನಿನ ಮುಚ್ಚಳ ಬಿಚ್ಚುವ ಮೊದಲು, ಮೈಯಲ್ಲಿ ಕೂತ ಸ್ಟ್ಯಾಟಿಕ್ ಕರೆಂಟು ಚಿಪ್ಪಿಗೆ ಹಾರದಿರಲಿ ಅಂತ, ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿಕೊಂಡೆ. "ಗಾಳಿಯೇ ಒದ್ದೆ, ಇಲ್ಲೆಲ್ಲಿ ಸ್ಟ್ಯಾಟಿಕ್?" ಅಂದ ಹುಡುಗ. ಹೊರಗೆ ಒದ್ದೆ ನಿಜ. ಆದರೆ ಒಣಗಿಸುವ ಕೋಣೆಯಿಂದ ಬರುವ ಗಾಳಿ ಬಿಸಿ, ಒಣ. ಇವನ ಅಂಗಿ ಪಾಲಿಯೆಸ್ಟರ್. ಮೈಗೆ ಚುರುಕ್ ಅನ್ನಬೇಕಾದರೆ ಸುಮಾರು 3000 ವೋಲ್ಟ್ ಸ್ಟ್ಯಾಟಿಕ್ ಬೇಕು. ಕೆಲವು ಚಿಪ್ ಸಾಯಲು ಅದರ ಹತ್ತರಲ್ಲೊಂದು ಪಾಲೂ ಬೇಡ. ನಮಗೆ ಗೊತ್ತೇ ಆಗದೆ ಕೊಂದಿರುತ್ತೇವೆ. ಆ ಪಟ್ಟಿಯಲ್ಲಿ ಒಂದು ಮೆಗಾಓಮ್‌ನ ರೆಸಿಸ್ಟರ್ ಇರುತ್ತದೆ, ಅಪ್ಪಿತಪ್ಪಿ ಲೈವ್ ಮುಟ್ಟಿದರೂ ಮೈಯಲ್ಲಿ ಹರಿಯುವ ಕರೆಂಟು ತೀರಾ ಕಮ್ಮಿ ಇರಲಿ ಅಂತ. ಸುಮ್ನೆ ತಾಮ್ರದ ತಂತಿ ಸುತ್ತಿಕೊಳ್ಳುವವರನ್ನೂ ನೋಡಿದ್ದೇನೆ, ಅದು ಅಪಾಯ.

ಸೆಲ್ 2.4 ವೋಲ್ಟ್ ಇತ್ತು, ಹೊಸದು 3ರ ಮೇಲಿರಬೇಕು. ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸಿ, ಪ್ಲಸ್ ಮೇಲೆ ಬರುವಂತೆ ಹೊಸದನ್ನು ಒತ್ತಿದೆ. ಹಳೆಯದನ್ನು ಪಕ್ಕಕ್ಕಿಟ್ಟು ತಿರುಗಿ ನೋಡುತ್ತೇನೆ, ಬೆಂಕಿ ಹಾಕುವವರು ಜಾಗ ಚೊಕ್ಕಟ ಮಾಡಲು ಹೋಗಿ, ಸ್ಕ್ರೂ ಪೊಟ್ಟಣದ ಕಾಗದದ ಜೊತೆ ಅದನ್ನೂ ಮುದುರಿಕೊಂಡು ಹಂಡೆಯ ಒಲೆಯ ಕಡೆ ನಡೆದಿದ್ದಾರೆ! ಕೂಗಿದ ಕೂಗಿಗೆ ಅವರು ಬೆದರಿ ನಿಂತರು. ಲಿಥಿಯಂ ಸೆಲ್ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಒಲೆಯ ಬಾಯಿಗೆ ಮುಖ ಕೊಟ್ಟು ಊದುವ ಮನುಷ್ಯ ಅವರು. ಕಾಗದ ಬಿಡಿಸಿ ಸೆಲ್ ತೆಗೆದು, ಎರಡೂ ಬದಿಗೆ ಟೇಪ್ ಸುತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಮುಚ್ಚಳ ಹಾಕಿ ಆನ್ ಮಾಡಿದರೆ ಬಯಾಸ್ ಎಲ್ಲ ಮರೆತಿತ್ತು. ಮೂರು ವರ್ಷದ ಹಿಂದಿನ ಫೋಟೋ ಮೊಬೈಲಿನಲ್ಲಿ ಹುಡುಕಿ ಒಂದೊಂದೇ ತುಂಬಿಸಿದೆ. ತಾರೀಕು ಸರಿಮಾಡಿದೆ. ನಕ್ಷೆಯಲ್ಲಿ ಯುಪಿಎಸ್ ಬರೆದೆ. ಅದರಿಂದ ಬರುವ ವೈರನ್ನು ಕಿತ್ತಳೆ ಬಣ್ಣದ್ದಕ್ಕೆ ಬದಲಿಸಿದೆ. ಎಂಸಿಬಿಯ ಪಕ್ಕದಲ್ಲಿ 'ಅಟ್ಟದ ಮೇಲಿನದ್ದನ್ನೂ ಆರಿಸಿ' ಅಂತ ದಪ್ಪ ಅಕ್ಷರದಲ್ಲಿ ಅಂಟಿಸಿದೆ. ಅರ್ಧ ಗಂಟೆಯಲ್ಲಿ ಶಾಖ 61ಕ್ಕೆ ಇಳಿದು ಅಲ್ಲೇ ನಿಂತಿತು.

ಟವೆಲ್, ಬೀಡಿ, ಸಾಕ್ಸು ಎಲ್ಲ ಮೇಜಿನ ಮೇಲೆ ಸಾಲಾಗಿ ಇದ್ದವು. ಅವರು ನನ್ನನ್ನೇ ನೋಡುತ್ತಿದ್ದರು, ಕೇಳಲಿಲ್ಲ. ಬಾಗಿಲು ಕತ್ತರಿಸಿದಾಗ ಉಳಿದ ತಗಡಿನ ತುಂಡನ್ನು ಅವತ್ತೇ ಅಲ್ಲೇ ಮೂಲೆಯಲ್ಲಿ ಒರಗಿಸಿದ್ದೆ, ಹಾಗೇ ಇತ್ತು. ಅದಕ್ಕೆ ನಾಲ್ಕು ತೂತು ಹೊಡೆದು, ಅಂಚು ಉಜ್ಜಿ, ಒಣಗಿಸುವ ಕೋಣೆಯ ಹೊರಗೋಡೆಗೆ ಒಂದು ಸಣ್ಣ ಗೂಡಿನ ಹಾಗೆ ಮಡಿಸಿ ಬಿಗಿದೆ. ಅಲ್ಲಿ ಕ್ಯಾಬಿನೆಟ್‌ಗಿಂತ ಬೆಚ್ಚಗಿರುತ್ತದೆ. ಅವರು ಮೊದಲು ಬೆಂಕಿಪೊಟ್ಟಣ ಇಟ್ಟು ನೋಡಿದರು, ಆಮೇಲೆ ಬೀಡಿ. ಕ್ಯಾಬಿನೆಟ್ ಬೀಗದ ಕೈಯನ್ನು ತಾವೇ ತಂದು ಯಜಮಾನರ ಮೊಳೆಗೆ ಸಿಕ್ಕಿಸಿದರು.